ಬುಟ್ಟಿ ಅತ್ತೆಯ ಬೀನ್ಸ್

ಆ ಶಾಲೆಯ ಅಡುಗೆಮನೆ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ ತೂಗುತ್ತಿತ್ತು. ತರಗತಿಯಲ್ಲಿ ಮೂಲೆ ಮುರಿದುಕೊಂಡು ನಿವೃತ್ತಿಯಾಗಿ ಬಂದ ಹಲಗೆ. ಬೇರೆ ಶಾಲೆಗಳಲ್ಲಿ ಇಡೀ ವಾರದ ಊಟ ಮೊದಲೇ ಅಚ್ಚಾಗಿ ಗೋಡೆಗೆ ಅಂಟಿರುತ್ತದೆ. ಇಲ್ಲಿ ಮಾತ್ರ ಬೆಳಿಗ್ಗೆ ತರಕಾರಿ ಬುಟ್ಟಿ ಬಂದು, ಅದನ್ನು ಇಳಿಸಿ, ಒಳಗೆ ಏನಿದೆ ಎಂದು ನೋಡಿದ ಮೇಲೆಯೇ ಹಲಗೆಗೆ ಅಕ್ಷರ ಬೀಳುತ್ತಿತ್ತು. ಮೊದಲ ಸಾಲಿನಲ್ಲಿ ಈ ದಿನದ ಅಡುಗೆ. ಎರಡನೇ ಸಾಲಿನಲ್ಲಿ 'ಬೆಳೆದವರು' ಎಂದು ಬರೆದು, ಅದರ ಮುಂದೆ ಆ ಬುಟ್ಟಿ ಯಾರ ಹೊಲದ್ದೋ ಅವರ ಹೆಸರು. ಅದರ ಕೆಳಗೆ, ಓದು ಬಾರದ ಒಂದನೇ ತರಗತಿಯವರಿಗಾಗಿ ಒಂದು ಚಿತ್ರ.

ಬರೆಯುವವಳು ಅಡುಗೆಯವಳು. ಮಕ್ಕಳೆಲ್ಲ ಅವಳನ್ನು ದೊಡ್ಡಮ್ಮ ಎಂದು ಕರೆದು ಕರೆದು ಶಿಕ್ಷಕರ ಬಾಯಲ್ಲೂ ಅದೇ ಹೆಸರು ನಿಂತಿತ್ತು. ಅವಳ ಅಕ್ಷರ ಮುತ್ತಿನಂತಿದ್ದರೂ ಚಿತ್ರ ಮಾತ್ರ ದೇವರಿಗೇ ಪ್ರೀತಿ.

"ದೊಡ್ಡಮ್ಮ, ಇದು ಬದನೆಕಾಯಿನಾ, ಮೇಡಂ ಪರ್ಸಾ?" ಎಂದು ಮಕ್ಕಳು ಕೇಳಿದರೆ, "ಬಾಯಿಗೆ ಹಾಕ್ಕೊಂಡು ನೋಡು, ಗೊತ್ತಾಗುತ್ತೆ" ಎನ್ನುತ್ತಿದ್ದಳು.

ಇದೆಲ್ಲ ಶುರುವಾದದ್ದು ಒಂದು ಎಲೆಕೋಸಿನಿಂದ. ಆಗ ಶಾಲೆಗೆ ನಗರದಿಂದ ಲಾರಿಯಲ್ಲಿ ತರಕಾರಿ ಬರುತ್ತಿತ್ತು. ಮಳೆಯಾಗಲಿ ಬಿಸಿಲಾಗಲಿ, ಅದೇ ಕೋಸು, ಅದೇ ಆಲೂಗಡ್ಡೆ. ಹತ್ತಿರದ ಹೊಲಗಳಲ್ಲಿ ಕೇಳುವವರಿಲ್ಲದೆ ಟೊಮೇಟೊ ಕೊಳೆಯುತ್ತಿದ್ದ ದಿನಗಳಲ್ಲೂ ಶಾಲೆಯ ಸಾರಿಗೆ ಲಾರಿಯ ಟೊಮೇಟೊವೇ ಆಗಬೇಕಿತ್ತು. ಮಕ್ಕಳು ಕೋಸನ್ನು ಒಂದೊಂದೇ ಎಳೆಯಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಒಣಗಹಾಕುತ್ತಿದ್ದರು. ಅಂಥ ಒಂದು ಬೆಳಿಗ್ಗೆ ದೊಡ್ಡಮ್ಮನ ನಾದಿನಿ, ಅಂದರೆ ಅವಳ ಗಂಡನ ತಂಗಿ, ಮನೆಯ ಬೀಗದ ಕೈ ಕೊಡಲು ಶಾಲೆಗೆ ಬಂದಳು. ಮಣೆಯ ಮೇಲಿದ್ದ ಕೋಸನ್ನು ಬೆರಳಿನಿಂದ ಒತ್ತಿ ನೋಡಿದಳು.

"ಅತ್ತಿಗೆ, ಇದು ಕೋಸಾ, ಕೋಸಿನ ತಾತನಾ?"

"ಬಾಯಿ ಮುಚ್ಚೇ. ಜಗಲಿಯಲ್ಲಿ ದೊಡ್ಡ ಮೇಡಂ ಇದಾರೆ."

"ಇರಲಿ ಬಿಡಿ. ಅವರೂ ಇದನ್ನೇ ತಾನೇ ತಿನ್ನೋದು ಪಾಪ."

ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಜಗಲಿಯಿಂದಲೇ ನಕ್ಕುಬಿಟ್ಟರು. ನಕ್ಕು ಸುಮ್ಮನಾಗಲಿಲ್ಲ. ಒಳಗೆ ಬಂದು, ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತು, "ನಿಮ್ಮ ಹೊಲದಲ್ಲಿ ಈಗ ಏನಿದೆ?" ಎಂದು ಕೇಳಿದರು. ನಾದಿನಿ ಹೇಳುತ್ತ ಹೋದಳು, ಅವರು ಕೇಳುತ್ತ ಹೋದರು. ಆ ದಿನ ಎರಡನೇ ಪಿರಿಯಡ್ಡಿನ ಗಂಟೆ ತಡವಾಗಿ ಹೊಡೆಯಿತು.

ಆಮೇಲೆ, ಲಾರಿ ನಿಲ್ಲಿಸಿ ಸುತ್ತಲಿನ ಹೊಲಗಳಿಂದಲೇ ತರಕಾರಿ ಕೊಳ್ಳುವ ಬಗ್ಗೆ ತಂದೆತಾಯಿಯರ ಸಭೆ ಸೇರಿತು. ಊಟದ ಸಮಿತಿಯ ಅಧ್ಯಕ್ಷರು ದಿನಸಿ ಅಂಗಡಿಯ ಯಜಮಾನರು. ಅವರ ಇಬ್ಬರು ಮಕ್ಕಳು ಅದೇ ಶಾಲೆಯಲ್ಲಿದ್ದರು. ಮನುಷ್ಯ ಕೆಟ್ಟವರಲ್ಲ, ಆದರೆ ಪ್ರತಿ ಮಾತನ್ನೂ ತಕ್ಕಡಿಗೆ ಹಾಕದೆ ಬಿಡುವವರಲ್ಲ.

"ಹೊಲದಲ್ಲಿ ಏನೂ ಇಲ್ಲದ ದಿನ ಮಕ್ಕಳಿಗೆ ಹುಲ್ಲು ಬಡಿಸ್ತೀರಾ?" ಎಂದರು. ಎಲ್ಲರೂ ನಕ್ಕರು. "ಕೊನೆಗೆ ಸುತ್ತಿ ಬಳಸಿ ಅದೇ ಮಾರ್ಕೆಟ್ಟಿಗೇ ಹೋಗೋದಾದ್ರೆ ಈ ನಾಟಕ ಯಾಕಮ್ಮ? ಒಂದೇ ಒಂದು ದಿನ ಹೊರಗಿಂದ ತಂದ್ರೂ ಸಾಕು, ಲಾರಿನೇ ವಾಪಸ್ ಬರಲಿ. ಒಪ್ತೀರಾ?"

ಆವರೆಗೂ ಸಭೆಗೆ ಚಹಾ ಕೊಟ್ಟು ಬಾಗಿಲಲ್ಲಿ ನಿಂತು ಗೊತ್ತೇ ಹೊರತು, ದೊಡ್ಡಮ್ಮ ಸಭೆಯಲ್ಲಿ ಬಾಯಿ ತೆರೆದವಳಲ್ಲ. ಅವತ್ತು ಅದೇನು ಬಂತೋ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು.

"ಅಕ್ಕಿ, ಎಣ್ಣೆ, ಉಪ್ಪು ಬಿಡಿ. ತರಕಾರಿ ಅಂತಾದ್ರೆ, ಇಲ್ಲಿಂದ ನಡ್ಕೊಂಡು ಹೋಗಿ ಬರೋ ದೂರದಲ್ಲಿ ಬೆಳೆದದ್ದಲ್ದೆ ಬೇರೇನೂ ನನ್ನ ಪಾತ್ರೆಗೆ ಬೀಳಲ್ಲ. ನಾನು ಹೊಣೆ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದಳು. ಆದರೆ ಬಾಯಿಂದ ಬಿದ್ದದ್ದು ಬಿದ್ದಾಗಿತ್ತು. ಮನೆಗೆ ಬಂದು ಹೇಳಿದಾಗ ಅವಳ ಗಂಡ, ಬಸ್ ರಿಪೇರಿ ಶೆಡ್ಡಿನ ಮೇಸ್ತ್ರಿ, ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತ, "ಸರಿಹೋಯ್ತು. ನನ್ನ ತಂಗಿ ಬೆಳೀತಾಳೆ, ನನ್ನ ಹೆಂಡತಿ ಬೇಯಿಸ್ತಾಳೆ, ಊರ ಮಕ್ಕಳು ಉಣ್ತಾರೆ. ನನಗೆ ಪಾತ್ರೆ ಕೆರೆಯೋದಾದ್ರೂ ಸಿಗುತ್ತಾ?" ಎಂದ.

ನಾದಿನಿಯ ಹೊಲ ಇಟ್ಟಿಗೆ ಕಾರ್ಖಾನೆಯ ಹಿಂದಿತ್ತು. ಬೇರೆಯವರೂ ಅಷ್ಟಿಷ್ಟು ಕೊಡುತ್ತಿದ್ದರು, ಆದರೆ ದಿನವೂ ತಪ್ಪದೆ ಬುಟ್ಟಿ ಹೊತ್ತು ಬರುವವಳು ಅವಳೇ. ಮಕ್ಕಳು ಅವಳಿಗೆ ಬುಟ್ಟಿ ಅತ್ತೆ ಎಂದು ಹೆಸರಿಟ್ಟರು. ಮಳೆಗಾಲವೆಲ್ಲ ಸೋರೆ, ಹೀರೆ, ಬೆಂಡೆ. ಚಳಿ ಬಿದ್ದ ಮೇಲೆ ಬೀನ್ಸ್, ಮೂಲಂಗಿ, ಬಗೆಬಗೆಯ ಸೊಪ್ಪು. ಟೊಮೇಟೊ ಬಂದರೆ ಒಂದು ಹಿಡಿ ಬರುವುದಲ್ಲ, ನೆರೆ ಬಂದ ಹಾಗೆ ಬರುವುದು. ಆ ದಿನಗಳಲ್ಲಿ ಅನ್ನದಿಂದ ಹಿಡಿದು ಮಕ್ಕಳ ಅಂಗಿಯವರೆಗೆ ಎಲ್ಲವೂ ಕೆಂಪು. ತರಕಾರಿಗೂ ಸರದಿ ಇರುತ್ತದೆ ಎಂದು ಮಕ್ಕಳಿಗೆ ಯಾರೂ ಪಾಠ ಮಾಡಲಿಲ್ಲ, ತಟ್ಟೆಯೇ ಮಾಡಿತು. ಅಂಚಿನಲ್ಲಿ ಒಣಗಹಾಕುವುದು ನಿಂತಿತು. ಪ್ರತಿ ತಿಂಗಳ ಕೊನೆಯ ಶುಕ್ರವಾರ ಬೆಳೆದವರೆಲ್ಲ ಬಂದು ಮಕ್ಕಳ ಬೆಂಚಿನಲ್ಲೇ ಮಕ್ಕಳ ಜೊತೆ ಊಟಕ್ಕೆ ಕೂರಬೇಕೆಂದು ದೊಡ್ಡ ಮೇಡಂ ಒಂದು ಪದ್ಧತಿ ಮಾಡಿದರು. ಅಂಥ ದಿನ ಬುಟ್ಟಿ ಅತ್ತೆಗೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ಆದರೂ ಅವಳ ಮುಖ ನೋಡಬೇಕಿತ್ತು.

ಒಂದು ವಿಷಯವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಈ ಏರ್ಪಾಡು ಶುರುವಾದದ್ದು ಮಳೆ ಹಿಡಿದ ಮೇಲೆ. ಚಳಿಯ ಬೆಳೆ ಮುಗಿದು ಮಳೆಯ ಬೆಳೆ ಬರುವ ನಡುವೆ ಇರುವ ಆ ಬೋಳು ದಿನಗಳನ್ನು ಶಾಲೆಯ ಪಾತ್ರೆ ಇನ್ನೂ ನೋಡಿರಲಿಲ್ಲ.

ಅವು ಬಂದವು. ಬುಟ್ಟಿ ದಿನದಿಂದ ದಿನಕ್ಕೆ ಹಗುರಾಯಿತು. ಮೂಲಂಗಿ ಬೆಂಡಾಯಿತು, ಸೊಪ್ಪು ಹೂ ಬಿಟ್ಟಿತು. ಆಗ, ತಿಂಗಳ ಕೊನೆಯ ಶುಕ್ರವಾರದ ಹಿಂದಿನ ದಿನ, ನಾದಿನಿ ತುಂಬಿದ ಬುಟ್ಟಿ ತಂದಳು. ಮೇಲೊಂದು ಬಟ್ಟೆ ಹೊದೆಸಿತ್ತು.

"ಬೀನ್ಸ್ ಅತ್ತಿಗೆ" ಎಂದು ಇಳಿಸಿದಳು. ಎಂದಿನಂತೆ ಕೂತು ಚಹಾ ಕುಡಿಯಲಿಲ್ಲ.

"ಚಹಾ ಇಟ್ಟಿದೀನಲ್ಲೇ. ಎಲ್ಲಿಗೆ ಓಡ್ತೀಯ?"

"ಕೆಲಸ ಇದೆ ಅತ್ತಿಗೆ."

"ನಿನ್ನೆ ಇರಲಿಲ್ವಾ ಕೆಲಸ? ಒಂದಕ್ಕೆ ಎರಡು ಲೋಟ ಕುಡಿದೆ."

ನಗುತ್ತಾಳೆಂದುಕೊಂಡಿದ್ದಳು. ನಾದಿನಿ ನಗಲಿಲ್ಲ, ಹೊರಟೇಬಿಟ್ಟಳು.

ದೊಡ್ಡಮ್ಮ ಬಟ್ಟೆ ಸರಿಸಿದಳು. ಒಂದು ಬೀನ್ಸ್ ಎತ್ತಿ ಮುರಿದಳು. ಚಟ್ಟೆನ್ನಲಿಲ್ಲ, ಬಾಗಿತು. ಇನ್ನೊಂದು ಎತ್ತಿದಳು. ಅದೂ ಅಷ್ಟೇ ಉದ್ದ, ಅಷ್ಟೇ ನೇರ, ಒಂದೇ ತಾಯಿಯ ಮಕ್ಕಳ ಹಾಗೆ. ನಾದಿನಿಯ ಬೀನ್ಸ್ ಎಂದರೆ ಒಂದು ಕೊಕ್ಕೆ, ಒಂದು ಕುಡುಗೋಲು, ಒಂದು ಕಿವಿಯೋಲೆ. ಜೊತೆಗೆ ಒಂದೆರಡು ಇರುವೆ, ಒಂದು ಒಣ ಎಲೆ, ಹೊಲದ ಮಣ್ಣು. ಇದರಲ್ಲಿ ಮಣ್ಣಿನ ಕಣವೂ ಇಲ್ಲ. ಗೋಣಿಯ ವಾಸನೆ ಇತ್ತು. ತಳದಲ್ಲಿ ಸೊಪ್ಪಿನ ಒಂದು ಕಟ್ಟು ಇತ್ತು. ನಾದಿನಿ ಸೊಪ್ಪನ್ನು ಹುಲ್ಲಿನ ಎಳೆಯಿಂದ ಕಟ್ಟುವವಳು. ಈ ಕಟ್ಟಿಗೆ ನೀಲಿ ರಬ್ಬರ್ ಬ್ಯಾಂಡ್ ಇತ್ತು.

ದೊಡ್ಡಮ್ಮನಿಗೆ ತಿಳಿಯಿತು, ಇದು ಮಾರ್ಕೆಟ್ಟಿನದು. ರಬ್ಬರ್ ಬ್ಯಾಂಡನ್ನು ಬಿಚ್ಚಿ, ರೂಢಿಯಂತೆ ಬಳೆಯ ಜೊತೆಗೆ ಕೈಗೇರಿಸಿಕೊಂಡಳು. ಅಕ್ಕಿ ಬೇಯುತ್ತಿತ್ತು. ಮಧ್ಯಾಹ್ನದ ಗಂಟೆ ಯಾರಿಗೂ ಕಾಯುವುದಿಲ್ಲ. ಹಸಿದ ಮಕ್ಕಳ ಮುಂದೆ ಬರಿಯ ಅನ್ನ ಇಡಲಾದೀತೆ? ಬೀನ್ಸನ್ನು ತೊಳೆದಳು, ಹೆಚ್ಚಿದಳು, ಪಾತ್ರೆಗೆ ಹಾಕಿದಳು. ಅದರಲ್ಲಿ ವಿಷವೇನೂ ಇರಲಿಲ್ಲ. ಎಲ್ಲೋ ಯಾರೋ ಬೆವರು ಸುರಿಸಿ ಬೆಳೆದದ್ದೇ. ಆದರೂ ಹಾಕುವಾಗ ತಾನು ಸಭೆಯಲ್ಲಿ ಕೊಟ್ಟ ಮಾತೇ ಕುದಿಯುವ ನೀರಿಗೆ ಬಿದ್ದ ಹಾಗಾಯಿತು.

ಹಲಗೆಯ ಮುಂದೆ ನಿಂತಳು. ಮೊದಲ ಸಾಲು ಬರೆದಳು: ಬೀನ್ಸ್. ಎರಡನೇ ಸಾಲಿನಲ್ಲಿ 'ಬೆಳೆದವರು' ಎಂದು ಬರೆದು ಕೈ ನಿಂತಿತು. ಮುಂದಿನ ಜಾಗವನ್ನು ಖಾಲಿ ಬಿಟ್ಟು ಒಳಗೆ ಬಂದಳು.

ಇದನ್ನು ಯಾರು ಬಿಟ್ಟರೂ ಎರಡನೇ ತರಗತಿಯ ಒಬ್ಬಳು ಬಿಡುವವಳಲ್ಲ. ಅವಳನ್ನು ಎಲ್ಲರೂ ಪ್ರಶ್ನೆಪುಟ್ಟಿ ಎನ್ನುತ್ತಿದ್ದರು. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಕಿಂಡಿ, ಆ ಕಿಂಡಿಯಿಂದ ಎಡೆಬಿಡದೆ ಪ್ರಶ್ನೆ.

"ದೊಡ್ಡಮ್ಮ, ಬೆಳೆದವರು ಯಾರು ಅಂತ ಬರ್ದೇ ಇಲ್ಲ."

"ಸೀಮೆಸುಣ್ಣ ಮುಗೀತು ಪುಟ್ಟಿ."

ಪುಟ್ಟಿ ಹೋದಳು. ಪೀಡೆ ಕಳೆಯಿತೆಂದು ದೊಡ್ಡಮ್ಮ ಉಸಿರು ಬಿಡುವಷ್ಟರಲ್ಲಿ ಓಡಿ ಬಂದಳು. "ತಗೊಳ್ಳಿ. ಉದ್ದದ್ದೇ ತಂದಿದೀನಿ. ಹೊಸದು."

ಈಗೇನು ಮಾಡುವುದು? ನಾದಿನಿಯ ಹೆಸರು ಬರೆದರೆ ಸುಳ್ಳು. ಮಾರ್ಕೆಟ್ ಎಂದು ಬರೆದರೆ ನಾಳೆ ಅವಳು ಈ ಬಾಗಿಲಿಗೆ ಮುಖ ತೋರಿಸುವುದಿಲ್ಲ, ಅದರ ಹಿಂದೆಯೇ ಲಾರಿ ಬರುತ್ತದೆ. ದೊಡ್ಡಮ್ಮ ಹೊಸ ಸೀಮೆಸುಣ್ಣ ಹಿಡಿದು 'ನಾಳೆ ಹೇಳಲಾಗುವುದು' ಎಂದು ಬರೆದಳು.

ಪುಟ್ಟಿ ಅದನ್ನು ಎರಡು ಸಲ ಓದಿದಳು. "ನಾಳೆ ಬುಟ್ಟಿ ಅತ್ತೆ ಊಟಕ್ಕೆ ಬರ್ತಾರಲ್ಲ. ನಾನು ಅವರನ್ನೇ ಕೇಳ್ತೀನಿ."

ದೊಡ್ಡಮ್ಮನಿಗೆ ಅದು ಆಗಲೇ ನೆನಪಾದದ್ದು. ನಾಳೆ ಬೆಳೆದವರ ಊಟ. ನಾದಿನಿ ಅದೇ ಬೆಂಚಿನಲ್ಲಿ ಕೂರುತ್ತಾಳೆ. ಎದುರಿಗೆ, ಸಮಿತಿಯ ಅಧ್ಯಕ್ಷರೆಂದು, ಅಂಗಡಿ ಯಜಮಾನರು ಕೂರುತ್ತಾರೆ. ಪಕ್ಕದಲ್ಲಿ ಈ ಹಲ್ಲುಕಿಂಡಿ. ಅಷ್ಟು ಜನರ ಮುಂದೆ ನಾದಿನಿ ಮಕ್ಕಳ ಮುಖ ನೋಡಿ ಸುಳ್ಳು ಹೇಳಬೇಕು, ಇಲ್ಲವೇ ತಲೆ ತಗ್ಗಿಸಬೇಕು. ಎರಡನ್ನೂ ದೊಡ್ಡಮ್ಮ ನೋಡಲಾರಳು.

ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಅಡುಗೆಮನೆಗೆ ಬೀಗ ಜಡಿದು, ಅವಳು ನೇರ ಹೊಲದ ದಾರಿ ಹಿಡಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹುಡುಕಿದಳು. ಗದರಬೇಕು. ಬೇಡ, ಬುದ್ಧಿ ಹೇಳಬೇಕು. ಅದೂ ಬೇಡ, ಗೊತ್ತೇ ಇಲ್ಲದ ಹಾಗೆ ಮಾತು ತೇಲಿಸಬೇಕು. ಇಟ್ಟಿಗೆ ಕಾರ್ಖಾನೆ ದಾಟುವ ಹೊತ್ತಿಗೆ ಒಂದು ಮಾತೂ ಉಳಿದಿರಲಿಲ್ಲ.

ಹೊಲದಲ್ಲಿ ಬೀನ್ಸಿನ ಚಪ್ಪರ ಕಿತ್ತು ಗಳುಗಳನ್ನು ಒಂದು ಕಡೆ ಒರಗಿಸಿತ್ತು. ಪಾತಿಗಳು ಖಾಲಿ. ಆದರೆ ಬರಿದಾಗಿ ಬಿಟ್ಟ ಖಾಲಿಯಲ್ಲ. ಒಣಹುಲ್ಲನ್ನು ಹಸುಗೂಸಿಗೆ ಹೊದೆಸಿದ ಹಾಗೆ ಅಂಚಿನವರೆಗೂ ಹೊದೆಸಿತ್ತು. ಗೋಡೆಯ ಬದಿಯಲ್ಲಿ ಹಳೆಯ ಸೀರೆಯ ನೆರಳು ಕಟ್ಟಿ, ಅದರ ಕೆಳಗೆ ಒಡೆದ ಬಕೆಟ್ಟು, ಎಣ್ಣೆ ಡಬ್ಬ, ಯಾವುದೋ ಮಗುವಿನ ಹಳೆ ಮಳೆಬೂಟು ಎಲ್ಲದರಲ್ಲೂ ಎಳೆ ಸಸಿಗಳು. ಪಾತ್ರೆ ತೊಳೆದ ನೀರನ್ನು ಬಚ್ಚಲಿನಿಂದ ಚೊಂಬಿನಲ್ಲಿ ತಂದು, ನಾದಿನಿ ಒಂದೊಂದರ ಬುಡಕ್ಕೂ ಬೆರಳ ಸಂದಿಯಿಂದ ಇಳಿಸುತ್ತಿದ್ದಳು. ಬಾವಿಯಲ್ಲಿ ಉಳಿದ ನೀರು ಮನೆ ಬಳಕೆಗೆ, ಆಮೇಲೆ ಇಷ್ಟಕ್ಕೇ ಸಾಲುವುದು. ಅವಳು ತನ್ನ ಈ ದಿನದ ಬೆಳೆಯನ್ನು ಬಿಟ್ಟು ಮಕ್ಕಳ ಮುಂದಿನ ತಿಂಗಳ ಊಟಕ್ಕೆ ನೀರು ಹಾಕುತ್ತಿದ್ದಳು.

ದೊಡ್ಡಮ್ಮ ಬದುವಿನ ಮೇಲೆ ನಿಂತು ನೋಡಿದಳು. ದೊಡ್ಡಮ್ಮನ ಮದುವೆಯಲ್ಲಿ ಈ ಹುಡುಗಿ ಅವಳ ಸೆರಗು ಹಿಡಿದು "ಅತ್ತಿಗೆ ಅತ್ತಿಗೆ" ಎಂದು ಸುತ್ತುತ್ತಿದ್ದಳು. ಅವಳ ಬೆನ್ನು ಯಾವಾಗ ಇಷ್ಟು ಅಗಲವಾಯಿತು? ದಿನವೂ ಬುಟ್ಟಿ ಇಳಿಸಿಕೊಳ್ಳುತ್ತಿದ್ದೆ, ಅದರ ಹಿಂದಿನ ಈ ಬೆನ್ನನ್ನು ಒಮ್ಮೆಯೂ ನೋಡಲಿಲ್ಲವಲ್ಲ ಎಂದುಕೊಂಡಳು.

"ಮಳೆಬೂಟಿನಲ್ಲಿ ಬೆಳೆದದ್ದನ್ನೆಲ್ಲ ನನಗೆ ಕಳಿಸ್ತಿದ್ಯಾ?" ಎಂದಳು.

ನಾದಿನಿ ಬೆಚ್ಚಿ ತಿರುಗಿದಳು. "ಅಯ್ಯೋ ಅತ್ತಿಗೆ! ಹೆದರಿಸಿಬಿಟ್ರಿ. ಬೂಟು ತೊಳೆದೇ ಮಣ್ಣು ತುಂಬಿದ್ದು."

"ಯಾರಿಗೆ ಗೊತ್ತು. ಅದಕ್ಕೇ ಇರಬೇಕು, ನಿನ್ನ ಮೂಲಂಗಿ ಒಂದೊಂದು ಸಲ ಕಾಲಿನ ಹಾಗೆ ಇರೋದು."

ನಾದಿನಿ ನಕ್ಕಳು. ಚೊಂಬು ಕೆಳಗಿಟ್ಟು, ಸಸಿ ತೋರಿಸಲೆಂದು ಅತ್ತಿಗೆಯ ಕೈ ಹಿಡಿದಳು. ಆಗ ಅವಳ ಕಣ್ಣು ಆ ಕೈಯ ಮೇಲೆ ಬಿತ್ತು. ಬಳೆಗಳ ನಡುವೆ ನೀಲಿ ರಬ್ಬರ್ ಬ್ಯಾಂಡ್ ಇತ್ತು. ದೊಡ್ಡಮ್ಮ ಅದನ್ನು ಮರೆತೇಬಿಟ್ಟಿದ್ದಳು.

ನಾದಿನಿಯ ಕೈ ಮೆಲ್ಲಗೆ ಸಡಿಲವಾಯಿತು. ಅವಳು ಅಲ್ಲೇ ಬದುವಿನ ಮೇಲೆ ಕೂತಳು.

"ಗೊತ್ತಾಯ್ತಾ?"

"ಬೀನ್ಸು ಬಾಗಿತು ಕಣೆ. ನಿನ್ನದು ಬಾಗಲ್ಲ."

"ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ತಂದೆ." ನೆಲ ನೋಡಿಕೊಂಡೇ ಹೇಳಿದಳು. "ಖಾಲಿ ಬುಟ್ಟಿ ಹೊತ್ತುಕೊಂಡು ಹೇಗೆ ಬರಲಿ ಅತ್ತಿಗೆ? ಅಷ್ಟು ಜನದ ಮುಂದೆ ನಾನು ಹೊಣೆ ಅಂದ್ರಿ. ನನ್ನ ನಂಬಿ ತಾನೇ ಅಂದದ್ದು? ನಾನು ಕೈ ಎತ್ತಿದ್ರೆ ಆ ಯಜಮಾನರು ನಿಮ್ಮನ್ನ ಆಡಿಕೊಳ್ಳೋದಿಲ್ವಾ? ಈ ಸಸಿ ಬೆಳೆಯೋವರೆಗೆ ಹೇಗಾದ್ರೂ ತಳ್ಳಿದ್ರೆ ಆಯ್ತು ಅಂದ್ಕೊಂಡೆ."

ದೊಡ್ಡಮ್ಮನಿಗೆ ಈಗ ಅರ್ಥವಾಯಿತು. ತಾನು ನಾದಿನಿಯ ಮಾನ ಉಳಿಸಲು ಹಲಗೆಯ ಮುಂದೆ ಒದ್ದಾಡಿದ್ದಳು, ನಾದಿನಿ ತನ್ನ ಮಾನ ಉಳಿಸಲು ಕತ್ತಲಲ್ಲೇ ಎದ್ದು ಬಸ್ಸು ಹಿಡಿದಿದ್ದಳು. ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಹುಚ್ಚಿ. ಬಸ್ಸಲ್ಲಿ ಸೀಟಾದ್ರೂ ಸಿಕ್ತಾ?"

"ಬುಟ್ಟಿಗೆ ಸಿಕ್ತು. ನಾನು ನಿಂತೆ." ನಾದಿನಿ ಮೂಗೊರೆಸಿಕೊಂಡಳು. "ನಡೀರಿ, ಒಳಗೆ ಬನ್ನಿ. ಬೆಳಿಗ್ಗೆ ಚಹಾ ಬಿಟ್ಟು ಬಂದೆ, ಈಗ ನಾನೇ ಮಾಡಿಕೊಡ್ತೀನಿ."

ಒಳಗೆ ಒಲೆಯ ಮೇಲೆ ಮುಚ್ಚಿದ ಪಾತ್ರೆಯೊಂದಿತ್ತು. ಚೆನ್ನಾದ ವಾಸನೆ ಬರುತ್ತಿತ್ತು. ಅಡುಗೆಯವಳ ಕೈ ಸುಮ್ಮನಿರುವುದಿಲ್ಲ, ದೊಡ್ಡಮ್ಮ ಮುಚ್ಚಳ ಎತ್ತಿದಳು. ಕುಂಬಳದ ಹೋಳು, ಜೊತೆಗೆ ಗೆಣಸಿನ ಬಳ್ಳಿಯ ಎಳೆ ಕುಡಿ. ಬೆರಳಲ್ಲಿ ತೆಗೆದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು.

"ಇದೆಲ್ಲಿಂದ ಬಂತೇ?"

"ಅದು ಮನೆಗೆ ಮಾಡಿದ್ದು. ಬಿಡಿ, ಅದೆಲ್ಲ..."

"ಎಲ್ಲಿಂದ ಅಂದೆ."

ನಾದಿನಿ ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಅಟ್ಟಣಿಗೆಯ ಮೇಲೆ ಕುಂಬಳಕಾಯಿಗಳು. ಒಂದರ ಮೈತುಂಬ ಗಂಟು. ಇನ್ನೊಂದು ಬಳ್ಳಿಯಲ್ಲಿದ್ದಾಗಲೇ ಸೀಳಿ, ಗಾಯ ಮಾಗಿ ಗೀರಾಗಿ ಉಳಿದದ್ದು. ಕೆಳಗೆ ಇಳಿಸಿಟ್ಟ ಮತ್ತೊಂದು ಎರಡು ಕಲ್ಲುಗಳ ನಡುವೆ ಬೆಳೆದು ಸೊಂಟ ಕಟ್ಟಿಕೊಂಡದ್ದು. ಕೆಳಗೆ ಮರಳಿನಲ್ಲಿ ಬೆರಳು ಗಾತ್ರದ, ಡೊಂಕು ಗೆಣಸುಗಳು. ಕಿಟಕಿಯಾಚೆ, ಬಚ್ಚಲ ನೀರು ಹರಿಯುವ ಕಡೆ, ಗೆಣಸಿನ ಬಳ್ಳಿ ಹಸಿರಾಗಿ ಹಬ್ಬಿತ್ತು.

"ಇಷ್ಟೆಲ್ಲ ಇಟ್ಟುಕೊಂಡು ಬೀನ್ಸು ತರೋಕೆ ಬಸ್ಸು ಹತ್ತಿದ್ಯಾ?"

"ಇದನ್ನ ಶಾಲೆಗೆ ಕಳಿಸೋದಾ?" ನಾದಿನಿಗೆ ನಿಜಕ್ಕೂ ಗಾಬರಿಯಾಯಿತು. "ಎಂಥ ಮಾತು ಅತ್ತಿಗೆ! ಇವು ಸೊಟ್ಟ, ಒಡಕು. ಆ ಕುಡಿಯನ್ನಂತೂ ನಾವು ಮನೆಯವರು ತಿಂತೀವಿ ಅಷ್ಟೇ. ಮೊದಲ ದಿನದಿಂದ ನೆಟ್ಟಗಿರೋದನ್ನ, ಚೆನ್ನಾಗಿರೋದನ್ನ ಆರಿಸಿ ಅಲ್ಲಿಗೆ ಕಳಿಸಿದೀನಿ. ಕೊಕ್ಕೆ ಬೀನ್ಸು ಕಳಿಸುವಾಗ್ಲೇ ನನಗೆ ಮುಜುಗರ ಆಗ್ತಿತ್ತು."

ದೊಡ್ಡಮ್ಮ ಸೊಂಟ ಕಟ್ಟಿದ ಕುಂಬಳವನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಮಳೆಗಾಲದಿಂದ ಚಳಿಯವರೆಗೆ ಶಾಲೆಗೆ ಬಂದ ಒಂದೊಂದು ಬುಟ್ಟಿಯೂ ಕಣ್ಣ ಮುಂದೆ ಬಂತು. ಅಂದರೆ ಅಷ್ಟು ದಿನವೂ ಈ ಮನೆಯವರು ಉಂಡದ್ದು ಉಳಿದದ್ದನ್ನು.

"ನೋಡು, ನೀನು ಆ ಮಕ್ಕಳನ್ನ ನೆಂಟರು ಅಂದ್ಕೊಂಡಿದೀಯ" ಎಂದಳು. ದನಿ ಅವಳಿಗೆ ತಿಳಿಯದೆಯೇ ಮೆತ್ತಗಾಯಿತು. "ನೆಂಟರಿಗೆ ತಾನೇ ಆರಿಸಿ ಬಡಿಸೋದು? ಅವರು ಮನೆಯವರು ಕಣೆ. ಮನೆಯಲ್ಲಿ ಇರೋದನ್ನೇ ಬಡಿಸು."

ನಾದಿನಿ ಏಣಿ ಹಾಕಿ, ಒಂದೊಂದಾಗಿ ಕುಂಬಳಕಾಯಿ ಇಳಿಸತೊಡಗಿದಳು. "ನಾಳೆ ಕೇಳಿದ್ರೆ ಏನು ಹೇಳ್ಲಿ?" ಎಂದಳು ಮೇಲಿನಿಂದಲೇ.

"ಬೀನ್ಸಿನ ವಿಷಯ ನಾನು ನೋಡ್ಕೊಳ್ತೀನಿ. ನಾನು ಕೊಟ್ಟ ಮಾತು, ನಾನೇ ಹೇಳ್ತೀನಿ. ನೀನು ಸುಮ್ನೆ ಉಣ್ಣು."

ಮರುದಿನ ಬೆಳಿಗ್ಗೆ ಕುಂಬಳಕಾಯಿಗಳನ್ನು ತಳ್ಳುಗಾಡಿಯಲ್ಲಿ ತಂದಾಯಿತು, ಕುಡಿಗಳು ಬುಟ್ಟಿಯಲ್ಲಿ ಬಂದವು. ಹೆಚ್ಚುವ ಮೊದಲು ದೊಡ್ಡಮ್ಮ ಸೊಂಟ ಕಟ್ಟಿದ್ದನ್ನು ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂರಿಸಿದಳು. ಬೆಳಿಗ್ಗೆಯ ಬಿಡುವಿನಲ್ಲಿ ಮಕ್ಕಳೆಲ್ಲ ಅದನ್ನು ಮುಟ್ಟಲು ಸಾಲು ನಿಂತರು. ಹಲಗೆಯ ಮೇಲೆ ಅವಳು ಬರೆದಳು: 'ಕುಂಬಳದ ಸಾರು, ಗೆಣಸಿನ ಕುಡಿ.' ಎರಡನೇ ಸಾಲಿನಲ್ಲಿ: 'ಬೆಳೆದವರು ಬುಟ್ಟಿ ಅತ್ತೆ.' ಚಿತ್ರಕ್ಕೆ ಕೈ ಹಾಕಿದಳು. ಅವಳ ಜೀವಮಾನದಲ್ಲಿ ಮೊದಲ ಸಲ ಚಿತ್ರವೂ ಕಾಯಿಯೂ ಒಂದೇ ಥರ ಇದ್ದವು, ಎರಡೂ ಸೊಟ್ಟ.

ಮಧ್ಯಾಹ್ನ ಬೆಂಚುಗಳು ತುಂಬಿದವು. ದೊಡ್ಡ ಮೇಡಂ ಒಂದು ಕೊನೆಯಲ್ಲಿ, ಅಂಗಡಿ ಯಜಮಾನರು ಇನ್ನೊಂದು ಕೊನೆಯಲ್ಲಿ. ನಡುವೆ ಮಕ್ಕಳು, ಅವರ ನಡುವೆ ಬುಟ್ಟಿ ಅತ್ತೆ, ಗದ್ದಕ್ಕೆ ಮೊಣಕಾಲು. ಪುಟ್ಟಿ ನುಸುಳಿ ಬಂದು ಅವಳ ಪಕ್ಕದಲ್ಲೇ ಕೂತಳು. ದೊಡ್ಡಮ್ಮ ಬಡಿಸಲು ಬಂದಾಗ ಪುಟ್ಟಿ ತಟ್ಟೆಗೆ ಅಂಗೈ ಅಡ್ಡ ಹಿಡಿದಳು.

"ದೊಡ್ಡಮ್ಮ, ನಿನ್ನೆ ಬೀನ್ಸು ಯಾರು ಬೆಳೆದದ್ದು? ನಾಳೆ ಹೇಳ್ತೀನಿ ಅಂದಿದ್ರಿ. ಇವತ್ತು ನಾಳೆ."

ಯಜಮಾನರು ತಲೆ ಎತ್ತಿದರು. ದೊಡ್ಡಮ್ಮ ಸೌಟನ್ನು ಪಾತ್ರೆಗಿಟ್ಟಳು. ರಾತ್ರಿಯೆಲ್ಲ ಮಾತು ಜೋಡಿಸಿಟ್ಟುಕೊಂಡಿದ್ದಳು. "ಅದು..." ಎಂದಳು.

"ನಾನು ಹೇಳ್ತೀನಿ ಅತ್ತಿಗೆ." ನಾದಿನಿ ಪುಟ್ಟಿಯ ಕಡೆ ತಿರುಗಿದಳು. ಅವಳ ಕಿವಿ ಕೆಂಪಾಗಿತ್ತು. ಆದರೆ ದನಿ ಕೊನೆಯ ಬೆಂಚಿಗೂ ಕೇಳುವಂತಿತ್ತು. "ಅದು ಯಾರು ಬೆಳೆದದ್ದೋ ನನಗೂ ಗೊತ್ತಿಲ್ಲ ಪುಟ್ಟಿ. ನಾನು ಮಾರ್ಕೆಟ್ಟಿಂದ ತಂದೆ. ನನ್ನ ಹೊಲದಲ್ಲಿ ಬೀನ್ಸು ಮುಗಿದುಹೋಗಿತ್ತು. ಮುಗೀತು ಅಂತ ಹೇಳೋಕೆ ನಾಚಿಕೆ ಆಯ್ತು, ಅದಕ್ಕೆ ಬಟ್ಟೆ ಮುಚ್ಚಿ ತಂದೆ. ನಿಮ್ಮ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ."

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಪುಟ್ಟಿ ಬಹಳ ಯೋಚಿಸಿ, ಬುಟ್ಟಿ ಅತ್ತೆಯ ಮಂಡಿಯನ್ನು ತಟ್ಟಿದಳು.

"ಪರವಾಗಿಲ್ಲ ಅತ್ತೆ. ನನಗೂ ಹೋಂವರ್ಕ್ ಆಗದಿದ್ರೆ ನಾಚಿಕೆ ಆಗುತ್ತೆ. ಆಗ ನಾನು ಅಕ್ಕನ ಹಳೇ ಪುಸ್ತಕ ನೋಡಿ ಬರ್ಕೊಂಡು ಬರ್ತೀನಿ."

"ಏನಂದೆ?" ಎಂದು ಹಿಂದಿನಿಂದ ಅವಳ ಟೀಚರ್ ದನಿ ಬಂತು. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊಡ್ಡ ಮೇಡಂ ನೆತ್ತಿಗೆ ಹತ್ತಿ ಕೆಮ್ಮಿದರು. ಪುಟ್ಟಿಗೆ ಮಾತ್ರ ನಗುವಂಥದ್ದು ಏನಿದೆಯೆಂದು ತಿಳಿಯಲಿಲ್ಲ. ಅಡ್ಡ ಹಿಡಿದ ಅಂಗೈ ತೆಗೆದು, "ಈಗ ಬಡಿಸಿ" ಎಂದಳು.

ಯಜಮಾನರು ಮಾತ್ರ ನಕ್ಕಿರಲಿಲ್ಲ. ನಗು ತಣಿಯುವವರೆಗೂ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಸಭೆಯಲ್ಲಿ ಒಂದು ಮಾತಾಗಿತ್ತಮ್ಮ" ಎಂದರು.

"ಆಗಿತ್ತು ಯಜಮಾನರೇ" ಎಂದಳು ದೊಡ್ಡಮ್ಮ. "ಹೊಣೆ ಅಂದವಳು ನಾನು. ಮಾರ್ಕೆಟ್ಟಿನ ಬೀನ್ಸು ಅಂತ ಗೊತ್ತಾದ ಮೇಲೂ ಬೇಯಿಸಿದೆ. ಲಾರಿ ಬರಲಿ ಅಂತೀರಾದ್ರೆ ನನ್ನದೇನೂ ತಕರಾರಿಲ್ಲ."

"ನನ್ನ ಮಾತು ಮುಗಿದಿಲ್ಲ." ಅವರು ಒಂದು ತುತ್ತು ಕುಡಿ ಬಾಯಿಗಿಟ್ಟು, ಅಗಿದು, ನುಂಗಿದರು. ಮಕ್ಕಳೆಲ್ಲ ಅವರ ಗಂಟಲನ್ನೇ ನೋಡುತ್ತಿದ್ದರು. "ನಾನು ಹುಟ್ಟಾ ಅಂಗಡಿಯವನು. ಸರಕು ಮುಗಿದ ದಿನ ಮುಗೀತು ಅಂತ ನಾನು ಯಾವತ್ತೂ ಹೇಳಿದವನಲ್ಲ. ಇದೆ, ಒಳಗಿದೆ, ಸಂಜೆ ಬನ್ನಿ ಅಂತೀನಿ. ಇಷ್ಟು ಜನರ ಮುಂದೆ ಮುಗೀತು ಅಂದ ಮೊದಲನೇ ವ್ಯಾಪಾರಸ್ಥೆಯನ್ನ ಇವತ್ತು ನೋಡಿದೆ." ತಟ್ಟೆಯನ್ನು ಮುಂದೆ ಚಾಚಿದರು. "ಲಾರಿ ವಿಷಯ ಇನ್ನೊಂದು ಸಲ ಎತ್ತೋದು ಬೇಡ. ಇನ್ನೊಂದಿಷ್ಟು ಹುಲ್ಲು ಹಾಕಿ."

ದೊಡ್ಡಮ್ಮ ಬಡಿಸಿದಳು. ಒಂದು ಸೌಟು ಹೆಚ್ಚೇ ಬಿತ್ತು, ಅವರು ಬೇಡವೆನ್ನಲಿಲ್ಲ. ದೊಡ್ಡ ಮೇಡಂ ತಟ್ಟೆ ಬಿಟ್ಟು ಎದ್ದು, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಹಲಗೆಯ ಬಳಿ ಹೋದರು. ಎರಡು ಸಾಲಿನ ಕೆಳಗೆ ಮೂರನೆಯದನ್ನು ಬರೆದರು: 'ಈಗ ಮುಗಿದಿರುವುದು ಬೀನ್ಸ್.' ಎಡಗೈ ಅಕ್ಷರ, ಓರೆಯಾಗಿತ್ತು. ಮುಂದೆಯೂ ಆ ಸಾಲನ್ನು ಯಾರೂ ಅಳಿಸಲಿಲ್ಲ. ಋತು ತಿರುಗಿದಂತೆಲ್ಲ ಕೊನೆಯ ಹೆಸರು ಮಾತ್ರ ಬದಲಾಗುತ್ತ ಹೋಯಿತು.

ಊಟ ಮುಗಿದ ಮೇಲೆ ಇಬ್ಬರೂ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತರು. ಪಾತ್ರೆಯಲ್ಲಿ ಒಂದು ಹೋಳೂ ಉಳಿದಿರಲಿಲ್ಲ.

"ನಾನು ಹೇಳ್ತೀನಿ ಅಂದಿದ್ದೆನಲ್ಲ. ನಡುವೆ ಯಾಕೆ ಬಾಯಿ ಹಾಕಿದೆ?" ಎಂದಳು ದೊಡ್ಡಮ್ಮ.

"ನೀವು 'ಅದು' ಅಂತ ಶುರು ಮಾಡಿದ್ರೆ ಅದನ್ನ ಮುಗಿಸೋ ಹೊತ್ತಿಗೆ ಮಕ್ಕಳು ಹೈಸ್ಕೂಲಿಗೆ ಹೋಗ್ತಿದ್ರು." ನಾದಿನಿ ಚಹಾ ಹೀರಿದಳು. ಲೋಟ ಖಾಲಿ ಮಾಡಿ ಮತ್ತೆ ಚಾಚಿದಳು.

ದೊಡ್ಡಮ್ಮ ಸುರಿದಳು. ಆ ಕೈಯನ್ನು, ಮಣ್ಣು ಕೂತ ಉಗುರನ್ನು, ಚೊಂಬು ಹಿಡಿದು ಗಟ್ಟಿಯಾದ ಬೆರಳನ್ನು ನೋಡಿದಳು. ಹೊಗಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಬಳೆಗಳ ನಡುವಿನಿಂದ ನೀಲಿ ರಬ್ಬರ್ ಬ್ಯಾಂಡ್ ತೆಗೆದು, ಬಿಚ್ಚಿಹೋಗುತ್ತಿದ್ದ ನಾದಿನಿಯ ಜಡೆಯ ತುದಿಗೆ ಬಿಗಿಯಾಗಿ ಸುತ್ತಿದಳು.

"ಇರಲಿ. ಗಟ್ಟಿ ಇದೆ" ಎಂದಳು.

ಸೋಮವಾರ ಬೆಳಿಗ್ಗೆ ನಾದಿನಿ ಬಂದಾಗ ಬುಟ್ಟಿ ಅರ್ಧವಿತ್ತು. ಡೊಂಕು ಗೆಣಸುಗಳು, ಅವುಗಳ ಮೇಲೆ ಹಿಡಿಯಷ್ಟು ಕುಡಿ. ಮೇಲೆ ಬಟ್ಟೆ ಇರಲಿಲ್ಲ. ಗೇಟಿನಿಂದ ಅಡುಗೆಮನೆಯವರೆಗೆ ಎಲ್ಲರೂ ಒಳಗೆ ಇಣುಕಬಹುದಾದ ಹಾಗೆ ಅವಳು ಅದನ್ನು ಸೊಂಟದ ಮೇಲಿಟ್ಟು ತಂದಳು.

"ಇಷ್ಟೇ ಅತ್ತಿಗೆ" ಎಂದು ಇಳಿಸಿ, ಚಹಾಕ್ಕೆ ಕೂತಳು.